ಇಪ್ಪತ್ತೇಳನೆಯ ಪ್ರಶ್ನೆ

ಮಕ್ಕಳು ಕೂರುವ ಬೆಂಚಿನಲ್ಲಿ ಐವತ್ತೇಳು ವರ್ಷದವನನ್ನು ಕೂರಿಸಿ ದಿನವಿಡೀ ಉತ್ತರಪತ್ರಿಕೆ ತಿದ್ದಿಸುವ ಉಪಾಯ ಯಾವ ಪುಣ್ಯಾತ್ಮನಿಗೆ ಹೊಳೆದದ್ದೋ, ಅವನ ಮಂಡಿಗೂ ಹೀಗೇ ಮರದ ಅಂಚು ತಾಗಿ ತಾಗಿ ಬಾವು ಬರಲಿ ಎಂದು ಅವನು ಬೆಳಿಗ್ಗೆಯಿಂದ ಮೂರನೆಯ ಸಲ ಶಪಿಸಿದ. ಶಪಿಸಿದ್ದು ಮನಸ್ಸಿನಲ್ಲೇ. ಬಾಯಿಬಿಟ್ಟರೆ ಪಕ್ಕದಲ್ಲಿರುವ ಬಿರುಗಾಳಿ ಮೇಷ್ಟ್ರು ಅದನ್ನೇ ಹಿಡಿದುಕೊಂಡು ಊಟದ ಹೊತ್ತಿನವರೆಗೆ ಗೇಲಿ ಮಾಡುತ್ತಾರೆ. ಉಳಿದವರು ಗಂಟೆಗೆ ಹತ್ತು ಪತ್ರಿಕೆ ತಿದ್ದಿ ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೆ ಇಪ್ಪತ್ತೈದರ ಇಡೀ ಕಟ್ಟನ್ನೇ ಮುಗಿಸಿ ಕೈ ಕೊಡವುವ ಆ ಮನುಷ್ಯನಿಗೆ ಆ ಹೆಸರು ಬಿದ್ದು ಎಷ್ಟು ಕಾಲವಾಯಿತೋ. ಸಭಾಂಗಣದಲ್ಲಿ ಒಟ್ಟು ಅರವತ್ತು ಜನ, ಅರವತ್ತೂ ಚರಿತ್ರೆ ಮೇಷ್ಟ್ರು, ಚರಿತ್ರೆ ಟೀಚರು. ತಮ್ಮದಲ್ಲದ ಶಾಲೆಯ ಬೆಂಚುಗಳಲ್ಲಿ ಮಂಡಿ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ, ಕೆಂಪು ಪೆನ್ನಿನಿಂದ ಟಿಕ್ಕು, ಗೆರೆ, ಟಿಕ್ಕು, ಗೆರೆ. ಎದುರಿಗೆ ಮಾದರಿ ಉತ್ತರದ ನಾಲ್ಕು ಹಾಳೆ. ಎಲ್ಲರೂ ಅದನ್ನು ಕೀ ಎನ್ನುತ್ತಾರೆ. ಆ ಕೀ ಹೇಳಿದಂತೆ ಅಂಕ ಹಾಕಬೇಕು, ಹೇಳದ್ದಕ್ಕೆ ಹಾಕಬಾರದು, ಅಷ್ಟೇ ಕೆಲಸ. ವೇದಿಕೆಯ ಪಕ್ಕದ ಕೋಣೆಯಲ್ಲಿ ಕೂತಿರುವ ಮುಖ್ಯ ಪರೀಕ್ಷಕಿ ಒಂದು ಕಾಲಕ್ಕೆ ಅವನ ತರಗತಿಯಲ್ಲೇ ಓದಿದವಳು. ನಿನ್ನೆ ಬೆಳಿಗ್ಗೆ ಅವನನ್ನು ನೋಡಿದ್ದೇ ಕುರ್ಚಿಯಿಂದ ಎದ್ದು ನಿಂತು, “ಬನ್ನಿ ಸರ್, ನಿಮ್ಮಂಥೋರು ಇದ್ರೆ ನಮಗೂ ಧೈರ್ಯ” ಎಂದಿದ್ದಳು. ಆಮೇಲೆ ಅವನನ್ನು ಹನ್ನೊಂದನೆಯ ಬೆಂಚಿಗೆ ಕಳಿಸಿ ತಾನು ಫ್ಯಾನಿನ ಕೆಳಗೆ ಕೂತಳು. ಎದ್ದು ನಿಂತದ್ದೇ ಅವನಿಗೆ ಹೆಚ್ಚು ಉರಿದದ್ದು. ಕೂತೇ ಮಾತಾಡಿಸಿದ್ದರೆ ಬೈದುಕೊಳ್ಳುವುದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು.

ಇಪ್ಪತ್ತೇಳನೆಯ ಪ್ರಶ್ನೆ: ಹಿಟ್ಲರ್ ಯಾವ ವರ್ಷ, ಯಾವ ರೀತಿಯಲ್ಲಿ ಅಧಿಕಾರಕ್ಕೆ ಬಂದನು? ಎರಡು ಅಂಕ. ಕೀ ಹಾಳೆಯಲ್ಲಿ ಅಚ್ಚುಕಟ್ಟಾಗಿ ಮುದ್ರಿಸಿದ್ದರು: ‘೧೯೩೩ – ಒಂದು ಅಂಕ. ಸಶಸ್ತ್ರ ದಂಗೆಯ ಮೂಲಕ ಅಧಿಕಾರವನ್ನು ಕಿತ್ತುಕೊಂಡನು; ಜನರು ಬೆರಗಾಗಿ ನೋಡುತ್ತ ನಿಂತರು – ಒಂದು ಅಂಕ.’ ನಿನ್ನೆ ಮೊದಲ ಸಲ ಓದಿದಾಗ, ಪರವಾಗಿಲ್ಲವೇ, ಈ ಕೀ ಬರೆದವರಿಗೆ ಭಾಷೆ ಗೊತ್ತಿದೆ ಎಂದುಕೊಂಡಿದ್ದ. ಒಣಕಲು ಸರ್ಕಾರಿ ವಾಕ್ಯಗಳ ನಡುವೆ ಇದೊಂದು ವಾಕ್ಯಕ್ಕೆ ಜೀವವಿತ್ತು. ಈಗ ಅವನ ಕೈಯಲ್ಲಿದ್ದ ಪತ್ರಿಕೆಯ ಮಗು, ಹುಡುಗಿಯೋ ಹುಡುಗನೋ, ಹೆಸರಿರುವ ಮೂಲೆಯನ್ನು ಮಡಿಸಿ ಅಂಟಿಸಿರುತ್ತಾರೆ, ಹೀಗೆ ಬರೆದಿತ್ತು: ‘ಹಿಟ್ಲರ್ ಅಧಿಕಾರವನ್ನು ಕಿತ್ತುಕೊಳ್ಳಲಿಲ್ಲ. ೧೯೨೩ರಲ್ಲಿ ದಂಗೆ ಮಾಡಿ ಸೋತು ಜೈಲಿಗೆ ಹೋದನು. ೧೯೩೩ರಲ್ಲಿ ಅಧ್ಯಕ್ಷರೇ ಅವನನ್ನು ಕರೆದು ಚಾನ್ಸಲರ್ ಮಾಡಿದರು.’ ‘ಅಧ್ಯಕ್ಷರೇ ಕರೆದು’ ಎಂಬುದರ ಕೆಳಗೆ ಅಡಿಗೆರೆ, ಒಂದಲ್ಲ, ಎರಡು. ಅಬ್ಬಾ, ಏನು ಕೊಬ್ಬು ಎನ್ನಿಸಿತು ಅವನಿಗೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲದವರ ಹಾಗೆ ಮೆಲ್ಲಗೆ ಬರೆಯಬೇಕು. ತಪ್ಪು ಬರೆದು ಅದಕ್ಕೆ ಅಡಿಗೆರೆ ಬೇರೆ. ವರ್ಷಕ್ಕೆ ಒಂದಂಕ ಕೊಟ್ಟು ಉಳಿದದ್ದರ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದ. ಪೆನ್ನು ಹಾಳೆಯನ್ನು ಸ್ವಲ್ಪ ಹರಿದೇಬಿಟ್ಟಿತು. ಅದರ ಮುಂದಿನ ಪತ್ರಿಕೆಯಲ್ಲೂ ಅದೇ, ಅದರಾಚೆಯದರಲ್ಲೂ ಅದೇ. ಅಧ್ಯಕ್ಷರು ಕರೆದರು, ನೇಮಿಸಿದರು, ಕೈಯಾರೆ ಕೊಟ್ಟರು. ನಿನ್ನೆಯೂ ಇಂಥವು ಬಂದಿದ್ದವು, ಬಂದವನ್ನೆಲ್ಲ ಹೊಡೆದುಹಾಕಿದ್ದ. ಲೆಕ್ಕ ಹಾಕಿದರೆ ಎರಡು ದಿನದಲ್ಲಿ ನಲವತ್ತಾರು.

ಯಾವನೋ ಒಬ್ಬ ಅಯೋಗ್ಯ ಒಂದು ಇಡೀ ಶಾಲೆಗೆ ತಪ್ಪು ಪಾಠ ಹೇಳಿದ್ದಾನೆ. ಸಂಬಳ ತಗೊಂಡು, ಮಕ್ಕಳ ತಲೆಗೆ ಕಸ ತುಂಬಿ, ಆರಾಮಾಗಿ ಓಡಾಡಿಕೊಂಡಿದ್ದಾನೆ. ಅವನನ್ನು ಹುಡುಕಿ ಈ ಪತ್ರಿಕೆಗಳನ್ನೆಲ್ಲ ಮುಖದ ಮುಂದೆ ಹಿಡಿಯಬೇಕು. ಕೋಪ ಬಂದಾಗ ಅವನಿಗೆ ಬೆನ್ನು ನೆಟ್ಟಗಾಗುತ್ತಿತ್ತು, ಮಂಡಿ ನೋವೂ ಮರೆಯುತ್ತಿತ್ತು; ಬೋಧನೆಯ ಈ ಮೂವತ್ತು ವರ್ಷ ಅವನನ್ನು ನಿಲ್ಲಿಸಿದ್ದೇ ಈ ಕೋಪ ಎಂದರೂ ನಡೆದೀತು. “ಪಠ್ಯಪುಸ್ತಕ ಇದ್ರೆ ಕೊಡಿ” ಎಂದು ಬಿರುಗಾಳಿಯನ್ನು ಕೇಳಿದ. “ಪುಸ್ತಕನಾ? ಯಾಕ್ ಸಾರ್, ಈ ವಯಸ್ಸಲ್ಲಿ ಪರೀಕ್ಷೆ ಕಟ್ಟಿದೀರಾ?” ಎಂದರು ಅವರು, ಗೆರೆ ಎಳೆಯುವುದನ್ನು ನಿಲ್ಲಿಸದೆ. ಹಿಂದಿನ ಬೆಂಚಿನವರು ತಲೆಯಾಡಿಸಿದರು. ಮುಂದಿನವರು ಚೀಲದಲ್ಲಿ ಕೈಯಾಡಿಸಿ ಕನ್ನಡಕದ ಡಬ್ಬಿ, ಮಾತ್ರೆ, ನೀರಿನ ಬಾಟಲಿ ತೆಗೆದರು, ಪುಸ್ತಕವಿರಲಿಲ್ಲ. ಅರವತ್ತು ಜನ ಚರಿತ್ರೆ ಕಲಿಸುವವರು, ಒಬ್ಬರ ಹತ್ತಿರವೂ ಚರಿತ್ರೆಯ ಪುಸ್ತಕವಿಲ್ಲ. ಥೂ ಎಂದುಕೊಂಡ. ತನ್ನ ಚೀಲದಲ್ಲೂ ಇಲ್ಲ ಎಂಬುದು ಎರಡು ನಿಮಿಷ ತಡವಾಗಿ ನೆನಪಾಯಿತು. ಚಹಾದ ಬಿಡುವಿನಲ್ಲಿ ಎಲ್ಲರೂ ಅಂಗಳಕ್ಕೆ ಇಳಿದಾಗ ಅವನು ಕಾರಿಡಾರಿನ ತುದಿಯ ಗ್ರಂಥಾಲಯಕ್ಕೆ ಹೋದ.

ಗ್ರಂಥಾಲಯವೆಂದರೆ ಎರಡು ಬೀರು, ಒಂದು ಉದ್ದ ಮೇಜು, ಮೂಲೆಯಲ್ಲಿ ಮುರಿದ ಗ್ಲೋಬು. ಬೀರುವಿಗೆ ಬೀಗವಿರಲಿಲ್ಲ. ಚರಿತ್ರೆಯ ಪಠ್ಯಪುಸ್ತಕ ತೆಗೆದು ನಿಂತಲ್ಲೇ ಹಾಳೆ ತಿರುವಿದ. ಬಲಗಡೆಯ ಪುಟದ ಕೊನೆಯಲ್ಲಿ ೧೯೨೩ರ ದಂಗೆ, ಹಾಳೆ ತಿರುವಿದರೆ ಮೊದಲಲ್ಲೇ ಅದರ ಸೋಲು, ಸೆರೆವಾಸ. ಆ ಎರಡು ಪುಟದಲ್ಲೇ ಬೆಲೆಯೇರಿಕೆ, ನಿರುದ್ಯೋಗ, ಚುನಾವಣೆ. ಇನ್ನೊಂದು ಹಾಳೆ ತಿರುವಿದರೆ ೧೯೩೩ರ ಜನವರಿ ಮೂವತ್ತು, ಅಧ್ಯಕ್ಷರು ಅವನನ್ನು ಚಾನ್ಸಲರ್ ಆಗಿ ನೇಮಿಸಿದರು. ಇನ್ನೊಂದು ಸಲ ಓದಿದ. ಬೆರಳಿಟ್ಟು ಓದಿದ. ಮೊದಲು ಬಂದದ್ದು, ಹೇಳಿದರೆ ನಾಚಿಕೆ, ಸಂತೋಷ: ಸಿಕ್ಕಿಬಿದ್ದರು! ತಪ್ಪು ಮಕ್ಕಳದ್ದಲ್ಲ, ಕೀಯದ್ದೇ. ಯಾವ ಕತ್ತೆ ಬರೆದದ್ದು ಇದನ್ನು? ಫ್ಯಾನಿನ ಕೆಳಗೆ ಕೂತವಳೇ? ಹೋಗಿ ಮೇಜಿನ ಮೇಲೆ ಈ ಪುಸ್ತಕ ದಪ್ಪನೆ ಹಾಕಿ, ತಗೋ ಓದು ಎನ್ನಬೇಕು. ಮನಸ್ಸಿನಲ್ಲಿ ಆ ಮಾತನ್ನು ಜೋಡಿಸಿಕೊಳ್ಳುತ್ತ, ಅವಳಿಗೆ ತೋರಿಸಲಿಕ್ಕೆಂದು ಕೀಯ ವಾಕ್ಯವನ್ನು ಬಾಯಲ್ಲಿ ಹೇಳಿಕೊಂಡ: ಅಧಿಕಾರವನ್ನು ಕಿತ್ತುಕೊಂಡನು; ಜನರು ಬೆರಗಾಗಿ ನೋಡುತ್ತ ನಿಂತರು. ನಾಲಿಗೆ ಆ ವಾಕ್ಯದ ಮೇಲೆ ತಡೆಯದೆ ಓಡಿತು. ಎಷ್ಟು ಸಲೀಸಾಗಿ ಓಡಿತೆಂದರೆ, ಅರ್ಧವಿರಾಮದ ಹತ್ತಿರ ಅವನು ತನಗೆ ಗೊತ್ತಿಲ್ಲದೆಯೇ ಮಕ್ಕಳು ಬರೆದುಕೊಳ್ಳಲಿ ಎಂದು ನಿಂತು ಕಾದ. ಪುಸ್ತಕದಲ್ಲಿ ಜನರು ಎಲ್ಲೂ ಬೆರಗಾಗಿ ನಿಂತಿರಲಿಲ್ಲ. ಅವರನ್ನು ಹಾಗೆ ನಿಲ್ಲಿಸಿದವನು ತಾನೇ.

ಅಡುಗೆಮನೆಯ ಮೇಜು, ಅದರ ಮೇಲೆ ಅರ್ಧ ಒರೆಸಿದ ಎಣ್ಣೆಯ ಜಿಡ್ಡು, ಕೆಲಸಕ್ಕೆ ಸೇರಿ ಎಂಟನೆಯ ವರ್ಷ. ಹೆಂಡತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪುಸ್ತಕ ಓದಿ ಹೇಳುತ್ತಾಳೆ, ಅವನು ಅದರಲ್ಲಿ ಸಾರ ಹಿಂಡಿ ನೋಟ್ಸ್ ಬರೆಯುತ್ತಾನೆ. ಇಡೀ ಆಧುನಿಕ ಪ್ರಪಂಚದ ಚರಿತ್ರೆ ಮೂವತ್ತೆಂಟು ಪುಟಕ್ಕೆ ಇಳಿಯಬೇಕು, ಒಂದು ಸಾಲೂ ಹೆಚ್ಚಿರಬಾರದು, ನಡುನಡುವೆ ಮಕ್ಕಳ ನಾಲಿಗೆಯಲ್ಲಿ ನಿಲ್ಲುವಂಥ ಒಂದೊಂದು ವಾಕ್ಯ. ಮುಂದಿನ ವರ್ಷ ಅವನ ಶಾಲೆಯ ಫಲಿತಾಂಶ ನೋಡಿ ಪಕ್ಕದ ಶಾಲೆಯವರು ಕೇಳಿ ಪಡೆದರು, ಅದರ ಮುಂದಿನ ವರ್ಷ ಕೇಳದೆ ಪಡೆದರು. ಶಾಲೆಯ ಎದುರಿಗೊಂದು ಜೆರಾಕ್ಸ್ ಅಂಗಡಿ ಇದ್ದಲ್ಲೆಲ್ಲ ಅವನ ನೋಟ್ಸ್ ಇತ್ತು. ಯಾರೋ ಮೊದಲ ಹಾಳೆಯ ಮೇಲಿದ್ದ ಅವನ ಹೆಸರನ್ನು ಮುಚ್ಚಿ ಪ್ರತಿ ತೆಗೆದಿದ್ದರು, ಅಲ್ಲಿಂದಾಚೆ ಅದು ಹೆಸರಿಲ್ಲದೆಯೇ ಊರೂರು ಅಲೆಯಿತು. ಆ ಸಂಕಟವನ್ನು ಅವನು ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡಿದ್ದಾನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆಯುವ ಮುಂಚೆ: ನಾನು ಬರೆದದ್ದು ರೀ, ನನ್ನ ಹೆಸರೇ ಇಲ್ಲ. ನೋಟ್ಸ್ ಮೇಷ್ಟ್ರು ಎಂದು ಜನ ಕರೆಯುವುದೊಂದೇ ಅದಕ್ಕೆ ಸಿಕ್ಕ ಮರ್ಯಾದೆ. ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತ, ದೇವರೇ, ಹೆಸರಿಲ್ಲದ್ದು ಒಳ್ಳೆಯದಾಯಿತು ಎಂದುಕೊಂಡ. ಹಾಗೆ ಅಂದುಕೊಂಡೆನಲ್ಲ ಎಂದು ಮೈಯೆಲ್ಲ ಉರಿಯಿತು.

ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ ಹೆಂಡತಿಗೆ ಫೋನ್ ಮಾಡಿದ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಹಗಲು ಹೊತ್ತಿನಲ್ಲಿ ಫೋನ್ ಮಾಡಿದರೆ ಯಾರಿಗೋ ಏನೋ ಆಗಿದೆ ಎಂದೇ ತಿಳಿಯುತ್ತಾಳೆ.

“ಏನಾಯ್ತು ರೀ?”

“ಏನೂ ಆಗಿಲ್ಲ. ಆ ದಿನ ನೋಟ್ಸ್‌ಗೆ ಪುಸ್ತಕ ಓದಿ ಹೇಳಿದ್ದು ಯಾರು?”

“ಯಾವ ದಿನ?”

“ಇಪ್ಪತ್ತೆರಡು ವರ್ಷದ ಹಿಂದೆ.”

“ರೀ, ಊಟ ಮಾಡಿದ್ರಾ?”

ಅವನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಎರಡು ಹಾಳೆ ಒಟ್ಟಿಗೆ ತಿರುವಿದ್ದೀಯ, ದಂಗೆಯಿಂದ ಹತ್ತು ವರ್ಷ ಹಾರಿ ಬಂದು ೧೯೩೩ಕ್ಕೆ ಕೂತಿದ್ದೀಯ, ಓದುವಾಗ ಗಮನ ಎಲ್ಲಿತ್ತು ನಿನಗೆ. ಕಾರಿಡಾರಿನಲ್ಲಿ ಕೈತೊಳೆಯಲು ನಿಂತಿದ್ದ ಇಬ್ಬರು ತಿರುಗಿ ನೋಡಿದರು, ಅಷ್ಟು ಜೋರಾಗಿತ್ತು ದನಿ.

“ತಿರುವಿರಬಹುದು” ಎಂದಳು ಅವಳು, ಒಂದಿಷ್ಟೂ ದನಿಯೇರಿಸದೆ. “ಮಗೂಗೆ ಜ್ವರ ಇತ್ತು ಆವತ್ತು, ಗಮನ ಅದರ ಮೇಲೇ ಇತ್ತು. ಅದು ಒಂದು ಸಂಜೆ. ಆಮೇಲೆ ಇಪ್ಪತ್ತೆರಡು ವರ್ಷ ಅದನ್ನ ಬೋರ್ಡ್ ಮೇಲೆ ಬರೆದೋಳೂ ನಾನೇನಾ?”

“ಫೋನ್ ಇಡು.”

“ಮಾಡಿದ್ದು ನೀವು. ನೀವೇ ಇಡಿ.”

ಅವನು ಇಟ್ಟ. ಜಗಳದಲ್ಲಿ ಅವಳು ಯಾವತ್ತೂ ಹೀಗೆ, ಕಿರುಚುವುದಿಲ್ಲ, ಅಳುವುದಿಲ್ಲ, ತಪ್ಪನ್ನು ತನ್ನ ಪಾಲಿನಷ್ಟು ಎತ್ತಿಕೊಂಡು ಉಳಿದದ್ದನ್ನು ಅವನ ಮುಂದೆ ಬಿಟ್ಟು ಹೋಗುತ್ತಾಳೆ. ಕಿರುಚುವ ಹೆಂಡತಿಯಾಗಿದ್ದರೆ ಎಷ್ಟು ಸುಲಭವಿತ್ತು. ಬೆಂಚಿಗೆ ಬಂದು ಕೂತು ಮುಂದಿನ ಕಟ್ಟಿನ ದಾರ ಬಿಚ್ಚಿದ. ನಿನ್ನೆ ತಿದ್ದಿದ ಕಟ್ಟುಗಳು ವೇದಿಕೆಯ ಮೇಲೆ ಗೋಡೆಗೆ ಒರಗಿ ಕೂತಿದ್ದವು. ಸಂಜೆ ನಾಲ್ಕಕ್ಕೆ ವ್ಯಾನ್ ಬಂದು ಅವನ್ನು ಕೊಂಡೊಯ್ಯುತ್ತದೆ. ಒಮ್ಮೆ ಹೋದರೆ ಹೋದವು, ಮತ್ತೆ ಅವನ್ನು ಬಿಚ್ಚಿಸುವುದಕ್ಕೆ ಆಗುವುದಿಲ್ಲ. ಅಷ್ಟರೊಳಗೆ ಬಾಯಿ ಬಿಡಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು. ಹೊಸ ಕಟ್ಟಿನ ಮೊದಲ ಪತ್ರಿಕೆಯಲ್ಲಿ ಇಪ್ಪತ್ತೇಳಕ್ಕೆ ಉತ್ತರ: ದಂಗೆಯ ಮೂಲಕ ಅಧಿಕಾರವನ್ನು ಕಿತ್ತುಕೊಂಡನು; ಜನರು ಬೆರಗಾಗಿ ನೋಡುತ್ತ ನಿಂತರು. ಅರ್ಧವಿರಾಮವೂ ಸೇರಿ ಹಾಗೇ. ಇದು ನನ್ನ ಮಗು, ಎಲ್ಲಿಯದೋ, ಯಾರದೋ, ಆದರೂ ನನ್ನದು. ಇದಕ್ಕೆ ಎರಡಕ್ಕೆ ಎರಡು. ಪುಸ್ತಕ ತೆರೆದು ಓದಿದ ಮಗುವಿಗೆ ಒಂದು. ಪೆನ್ನು ಹಿಡಿದ ಕೈ ಸುಮ್ಮನೆ ಹಾಳೆಯ ಮೇಲೆ ನಿಂತಿತು.

“ಏನ್ ಸಾರ್, ನಿದ್ದೆ ಬಂತಾ?” ಎಂದರು ಬಿರುಗಾಳಿ.

“ಇಪ್ಪತ್ತೇಳಕ್ಕೆ ಕೀ ತಪ್ಪಿದೆ.”

“ಹೌದು.”

ಅವನು ತಿರುಗಿ ನೋಡಿದ. “ಹೌದು ಅಂದ್ರೆ?”

“ಹೌದು ಅಂದ್ರೆ ಹೌದು. ನೇಮಕ ಮಾಡಿದ್ದಲ್ವಾ. ನಿನ್ನೆ ಬೆಳಗ್ಗೆನೇ ನೋಡ್ದೆ.” ಅವರ ಕೈ ಗೆರೆ ಎಳೆಯುತ್ತಲೇ ಇತ್ತು.

“ನೋಡೀ ಸುಮ್ನೆ ಗೆರೆ ಎಳೀತಾ ಕೂತ್ರಾ?”

“ಇನ್ನೇನ್ ಮಾಡ್ಲಿ? ಎದ್ದು ಹೇಳಿದ್ರೆ ಎಲ್ಲ ಕಟ್ಟು ಬಿಚ್ಚು, ಮತ್ತೆ ತಿದ್ದು, ಮತ್ತೆ ಕೂಡು, ಇನ್ನೆರಡು ದಿನ ಈ ಬೆಂಚಲ್ಲಿ ಕೊಳೀಬೇಕು. ಕೀ ಏನ್ ಹೇಳುತ್ತೋ ಅದು. ನಾಳೆ ಯಾರಾದ್ರೂ ಕೇಳಿದ್ರೆ ಕೀ ತೋರಿಸಿದ್ರೆ ಆಯ್ತು.” ಆಮೇಲೆ, ಕೊಂಚ ಸಮಾಧಾನ ಹೇಳುವ ದನಿಯಲ್ಲಿ, “ಒಂದು ಕ್ಷಣ ಅನುಮಾನ ಬಂತು ಅನ್ನಿ. ಪಕ್ಕಕ್ಕೆ ನೋಡಿದ್ರೆ ನೀವು ಹಾಳೆ ಹರಿಯೋ ಹಾಗೆ ಹೊಡೀತಾ ಇದ್ರಿ. ನೋಟ್ಸ್ ಮೇಷ್ಟ್ರೇ ಹೊಡೀತಿರುವಾಗ ನಾನ್ಯಾವ ಗಿಡದ ತಪ್ಪಲು ಅಂತ ಸುಮ್ನಾದೆ.”

ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಅವರದ್ದಕ್ಕೋ ತನ್ನದಕ್ಕೋ. ಪುಸ್ತಕ ಹಿಡಿದು ಎದ್ದಾಗ ಮಂಡಿ ಬೆಂಚಿಗೆ ಬಡಿದು ಇಡೀ ಕಟ್ಟು ನೆಲಕ್ಕೆ ಬಿತ್ತು, ಬಗ್ಗಿ ಎತ್ತಿಡಲಿಲ್ಲ. ಸಾಲುಗಳ ನಡುವೆ ನಡೆಯುವಾಗ ಎರಡೂ ಕಡೆ ಬಗ್ಗಿದ ತಲೆಗಳು, ನರೆತವು, ಬಣ್ಣ ಹಚ್ಚಿದವು, ಬೋಳಾದವು. ತರಗತಿಯಲ್ಲಿ ಅವನು ಹೀಗೇ ಸಾಲುಗಳ ನಡುವೆ ನಡೆಯುತ್ತ ನೋಟ್ಸ್ ಬರೆಸುತ್ತಿದ್ದ, ಬಗ್ಗಿದ ತಲೆಗಳನ್ನು ನೋಡುವುದು ಅವನಿಗೆ ಇಷ್ಟವಾಗುತ್ತಿತ್ತು. ಅವುಗಳಲ್ಲೊಂದು ತಲೆ ಮೇಲೆದ್ದಿತ್ತು. ನೋಟ್ಸ್ ಬರೆದ ಎರಡನೆಯ ವರ್ಷ, ಮೂರನೆಯ ಬೆಂಚು. ಸರ್, ಪುಸ್ತಕದಲ್ಲಿ ಬೇರೆ ಥರ ಇದೆ. ಕೈಯಲ್ಲಿ ತೆರೆದ ಪುಸ್ತಕ, ಒಂದು ಬೆರಳು ಸಾಲಿನ ಮೇಲೆ. ಅವನು ಆ ಪುಸ್ತಕವನ್ನು ನೋಡಬಹುದಿತ್ತು. ಎರಡು ಹೆಜ್ಜೆ, ಅಷ್ಟೇ ದೂರ. ‘ಪುಸ್ತಕ ಬರೆದೋನು ಬಂದು ನಿನಗೆ ಮಾರ್ಕ್ಸ್ ಹಾಕ್ತಾನಾ?’ ಎಂದ. ತರಗತಿ ಹೋ ಎಂದು ನಕ್ಕಿತು, ನಗಿಸಿದೆನಲ್ಲ ಎಂದು ಅವನಿಗೆ ಹಿಗ್ಗಾಯಿತು, ಆ ಹಿಗ್ಗಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಬಾ ಇಲ್ಲಿ, ನನ್ನ ವಾಕ್ಯವನ್ನು ಬೋರ್ಡಿನ ಮೇಲೆ ಹತ್ತು ಸಲ ಬರೆ. ಅವಳು ಬರೆದಳು. ಜನರು ಬೆರಗಾಗಿ ನೋಡುತ್ತ ನಿಂತರು, ಜನರು ಬೆರಗಾಗಿ ನೋಡುತ್ತ ನಿಂತರು. ಏಳನೆಯದಕ್ಕೆ ಬೋರ್ಡು ಮುಗಿಯಿತು, ಕುಕ್ಕರುಗಾಲಲ್ಲಿ ಕೂತು ಕೆಳಗಿನ ಅಂಚಿನಲ್ಲಿ ಉಳಿದ ಮೂರು ಬರೆದಳು. ಹಿಂದಿನಿಂದ ಜಡೆ ಮಾತ್ರ ಕಾಣುತ್ತಿತ್ತು, ಮುಖ ಅವನು ನೋಡಲಿಲ್ಲ. ಆ ಮುಖ ಇದೇ ಇರಬೇಕು, ಫ್ಯಾನಿನ ಕೆಳಗೆ ಕೂತಿರುವುದು. ಅದೇ ವರ್ಷದ ತಂಡ, ಅದೇ ತರಗತಿ. ಅದಕ್ಕೇ ಈ ಕೀ. ಇಪ್ಪತ್ತೊಂದು ವರ್ಷ ಕಾದು, ನನ್ನದೇ ವಾಕ್ಯವನ್ನು ಅಚ್ಚು ಹಾಕಿಸಿ, ನನ್ನ ಕೈಯಿಂದಲೇ ಸರಿಯುತ್ತರಗಳನ್ನು ಹೊಡೆಸುತ್ತಿದ್ದಾಳೆ. ಎಂಥ ಹಗೆ! ಹಾಗೆಂದುಕೊಂಡಾಗ ಅವನಿಗೆ ಒಂದು ಬಗೆಯ ನೆಮ್ಮದಿಯಾಯಿತು, ಹಗೆಯಾದರೆ ಎದುರಿಸಬಹುದು.

ಮುಖ್ಯ ಪರೀಕ್ಷಕಿ ಎದ್ದು ನಿಂತಳು. “ಬನ್ನಿ ಸರ್, ಕೂತ್ಕೊಳ್ಳಿ.”

ಅವನು ಕೂರಲಿಲ್ಲ. “ಇಪ್ಪತ್ತೇಳರ ಕೀ ಮಾಡಿದ್ದು ಯಾರು?”

“ನಾನೇ ಸರ್. ಯಾಕೆ?”

ಅವನು ಪುಸ್ತಕ ತೆರೆದು ಮೇಜಿನ ಮೇಲಿಟ್ಟ. ದಪ್ಪನೆ ಹಾಕಬೇಕೆಂದಿದ್ದದ್ದು ಮರೆತೇಹೋಯಿತು. ಅವಳು ಓದಿದಳು, ಹಿಂದಿನ ಪುಟ ತಿರುವಿ ಓದಿದಳು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ನಟನೆಯಾಗಿದ್ದರೆ ಬಲು ಚೆನ್ನಾದ ನಟನೆ. “ಅಯ್ಯೋ” ಎಂದಳು ಸಣ್ಣ ದನಿಯಲ್ಲಿ. ಆಮೇಲೆ ಡ್ರಾಯರಿನಿಂದ ಮಾಸಿದ ಜೆರಾಕ್ಸ್ ಹಾಳೆಗಳ ಕಟ್ಟೊಂದನ್ನು ತೆಗೆದು ಹುಡುಕಿ, ಆ ವಾಕ್ಯದ ಮೇಲೆ ಬೆರಳಿಟ್ಟಳು. ಅವನ ಅಕ್ಷರ, ಇಪ್ಪತ್ತೆರಡು ವರ್ಷದ ಹಿಂದಿನ ದುಂಡಗಿನ ಅಕ್ಷರ.

“ನಿಮ್ಮ ನೋಟ್ಸ್ ನೋಡ್ಕೊಂಡೇ ಮಾಡಿದ್ದು ಸರ್. ನಾನು ಪಾಠ ಮಾಡೋದೂ ಇದರಿಂದಲೇ.”

“ಪುಸ್ತಕ ನೋಡ್ಲಿಲ್ವಾ ನೀನು?” ಮುಖ್ಯ ಪರೀಕ್ಷಕಿಗೆ ಎರಡು ದಿನದಿಂದ ಕೊಡುತ್ತಿದ್ದ ಬಹುವಚನ ಹಾರಿಹೋಗಿತ್ತು. “ಆವತ್ತು ನೋಡಿದ್ಯಲ್ಲ? ಪುಸ್ತಕ ಹಿಡ್ಕೊಂಡು ಎದ್ದು ನಿಂತು ಹೇಳಿದ್ಯಲ್ಲ? ನೀನು ಹೇಳಿದ್ದೇ ಸರಿ ಇತ್ತು. ನಾನು ನಿನ್ನ ಬೋರ್ಡಿಗೆ ಕರೆದು ಹತ್ತು ಸಲ ಬರೆಸಿದೆ, ಅದೂ ತಪ್ಪು. ಅದಕ್ಕೆ ಈಗ ಹೀಗೆ ಸೇಡು ತೀರಿಸ್ಕೋತೀಯಾ? ಮಕ್ಕಳ ಅಂಕದ ಮೇಲೆ?”

ಅವಳು ಅವನನ್ನೇ ನೋಡಿದಳು, ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗಿ. “ಅದು ನಾನಲ್ಲ ಸರ್.”

“ಮೂರನೇ ಬೆಂಚು—”

“ಮೂರನೇ ಬೆಂಚೇ. ನಾನು ಅವಳ ಪಕ್ಕ ಕೂತಿದ್ದೆ. ನನ್ನ ಪುಸ್ತಕಾನೂ ತೆರೆದಿತ್ತು, ನನಗೂ ಅದು ಕಂಡಿತ್ತು. ನೀವು ಅವಳನ್ನ ಬೋರ್ಡಿಗೆ ಕರೆದ್ರಲ್ಲ, ಆಗ ನಾನು ಮೆಲ್ಲಗೆ ಪುಸ್ತಕ ಮುಚ್ಚಿ ಚೀಲದೊಳಗೆ ಹಾಕ್ದೆ.” ಅವಳು ಜೆರಾಕ್ಸ್ ಹಾಳೆಗಳ ಅಂಚನ್ನು ಸರಿಮಾಡುತ್ತಿದ್ದಳು. “ಮತ್ತೆ ತೆಗೀಲೇ ಇಲ್ಲ ಸರ್. ನಿಮ್ಮ ನೋಟ್ಸ್ ಒಂದೇ ಓದಿದ್ದು. ತೊಂಬತ್ತೆಂಟು ಬಂತು. ನೀವೇ ಎಲ್ಲರ ಮುಂದೆ ಬೆನ್ನು ತಟ್ಟಿದ್ರಿ, ನೆನಪಿಲ್ವಾ?”

ನೆನಪಿರಲಿಲ್ಲ. “ಅವಳು?” ಎಂದು ಕೇಳಿದ.

“ಗೊತ್ತಿಲ್ಲ ಸರ್. ಆಮೇಲೆ ಅವಳು ಯಾವ ಕ್ಲಾಸಲ್ಲೂ ಕೈ ಎತ್ತಿದ್ದು ನಾನು ನೋಡ್ಲಿಲ್ಲ.”

ಈಗ ಅವನು ಕೂತ. ಹಗೆಯಾದರೂ ಇದ್ದಿದ್ದರೆ! ಇವಳು ಅವನಿಗೆ ಯಾವ ಕೆಡುಕನ್ನೂ ಬಯಸಿರಲಿಲ್ಲ; ಅವನು ಕಲಿಸಿದ್ದನ್ನು ಚೆನ್ನಾಗಿ ಕಲಿತಿದ್ದಳು, ಅಷ್ಟೇ. ಅವಳೇ ಡ್ರಾಯರಿನಿಂದ ತಿದ್ದುಪಡಿಯ ಫಾರಂ ತೆಗೆದು ಅವನ ಮುಂದಿಟ್ಟಳು. ಪ್ರಶ್ನೆಯ ಸಂಖ್ಯೆ, ಈಗಿರುವ ಉತ್ತರ, ಇರಬೇಕಾದ ಉತ್ತರ, ದೋಷದ ಮೂಲ, ಸಹಿ. “ದೋಷದ ಮೂಲ ಅನ್ನೋ ಕಡೆ ‘ಪ್ರಚಲಿತ ಟಿಪ್ಪಣಿಗಳು’ ಅಂತ ಬರೀರಿ ಸರ್. ಹೆಸರಿಲ್ವಲ್ಲ ಇದರಲ್ಲಿ. ಕೀ ಮಾಡಿದ್ದಕ್ಕೆ ನಾನು ಬೈಗುಳ ತಿಂತೀನಿ, ಪರವಾಗಿಲ್ಲ. ನಿವೃತ್ತಿ ಹತ್ತಿರ ಇರುವಾಗ ನಿಮಗ್ಯಾಕೆ?” ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. ಅಧ್ಯಕ್ಷರು ಕರೆದು ಕೊಟ್ಟದ್ದೂ ಹೀಗೇ ಇರಬೇಕು, ಕೋಣೆಯೊಂದರಲ್ಲಿ, ಫಾರಂ ಒಂದರ ಮೇಲೆ, ಯಾರೋ ಒಬ್ಬರು ಇನ್ನೊಬ್ಬರಿಗೆ ಪರವಾಗಿಲ್ಲ ಬಿಡಿ ಎನ್ನುತ್ತ. ದಂಗೆ ಎಂದು ಬರೆಸಿ ಬರೆಸಿ, ಸಾವಿರಾರು ಮಕ್ಕಳಿಗೆ ಕೇಡು ಅಂದರೆ ಬಂದೂಕು ಹಿಡಿದುಕೊಂಡೇ ಬರುತ್ತದೆ ಎಂದು ನಂಬಿಸಿದ್ದಾನೆ. ಅದು ಸಹಿ ಹಾಕಿಸಿಕೊಂಡೂ ಬರುತ್ತದೆ ಎಂದು ಯಾರಿಗೂ ಹೇಳಲಿಲ್ಲ. ಅವನು ಪೆನ್ನು ತೆಗೆದು ದೋಷದ ಮೂಲ ಎಂಬಲ್ಲಿ ತನ್ನ ಪೂರ್ತಿ ಹೆಸರು, ಶಾಲೆ, ‘ಇಪ್ಪತ್ತೆರಡು ವರ್ಷಗಳಿಂದ’ ಎಂದು ಬರೆದ. ಇಷ್ಟು ವರ್ಷ ಆ ನೋಟ್ಸಿನ ಮೇಲೆ ಬೇಕೆಂದು ಗೋಳಾಡಿದ ಹೆಸರು. ಗಡಿಯಾರದಲ್ಲಿ ಮೂರೂ ಇಪ್ಪತ್ತು.

“ಹೊರಗೆ ನಾನು ಹೇಳ್ಲಾ ಸರ್?” ಎಂದಳು ಅವಳು, ಫಾರಂ ಓದಿ.

“ಬೇಡ. ನಾನೇ ಹೇಳ್ತೀನಿ.”

ಅವಳು ವೇದಿಕೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದಳು. “ಒಂದು ನಿಮಿಷ ಎಲ್ಲರೂ ಕೇಳಿ. ಇಪ್ಪತ್ತೇಳರ ಕೀಗೆ ತಿದ್ದುಪಡಿ ಇದೆ. ನಿನ್ನೆಯ ಕಟ್ಟುಗಳನ್ನೂ ಬಿಚ್ಚಬೇಕಾಗುತ್ತೆ, ವ್ಯಾನ್ ಇವತ್ತು ಬರೋದು ಬೇಡ ಅಂತ ಹೇಳಿದೀನಿ. ಸರ್ ಹೇಳ್ತಾರೆ, ಬರ್ಕೊಳ್ಳಿ.” ಸಭಾಂಗಣದ ತುಂಬ ಒಂದು ನರಳಾಟ ಎದ್ದಿತು. ಸತ್ತೆವು, ನಾಳೆಯೂ ಬರಬೇಕಾ, ಮೊದಲೇ ಹೇಳಬಾರದಿತ್ತಾ. ಬಿರುಗಾಳಿ ಮೇಷ್ಟ್ರು ನೆಲದ ಮೇಲಿನ ಪತ್ರಿಕೆಗಳನ್ನು ಎತ್ತಿಡುತ್ತ, ಮುಗೀತು ಬಿಡಿ ಎಂಬಂತೆ ಕೈಯಾಡಿಸಿದರು. ಅವನು ಕಾದ. ಬೈಯಲಿ, ಚೆನ್ನಾಗಿ ಬೈಯಲಿ. ಬೈದರೆ ಪ್ರಶ್ನೆಯಾದರೂ ಕೇಳಿದ ಹಾಗಾಗುತ್ತದೆ. ನಿನ್ನೆ ಸರಿಯಿದ್ದದ್ದು ಇವತ್ತು ಹೇಗೆ ತಪ್ಪಾಯಿತು, ನಿಮಗೆ ಹೇಗೆ ಗೊತ್ತು, ಎಲ್ಲಿ ಬರೆದಿದೆ, ತೋರಿಸಿ. ಒಂದು ನಿಮಿಷದಲ್ಲಿ ನರಳಾಟ ತಾನಾಗಿ ಅಡಗಿತು. ಐವತ್ತೊಂಬತ್ತು ಪೆನ್ನುಗಳ ಮುಚ್ಚಳ ತೆರೆದುಕೊಂಡವು, ಐವತ್ತೊಂಬತ್ತು ತಲೆ ಬಗ್ಗಿದವು.

“ಹಿಟ್ಲರ್‌ನನ್ನು ಅಧ್ಯಕ್ಷರು ಚಾನ್ಸಲರ್ ಆಗಿ ನೇಮಿಸಿದರು” ಎಂದ ಅವನು. ಬರೆದುಕೊಂಡರು. “ದಂಗೆ ಅಂತ ಬರೆದಿದ್ದರೆ ಒಂದೇ ಅಂಕ.” ಬರೆದುಕೊಂಡರು. ನಿನ್ನೆ ಅದರ ತಿರುಗುಮುರುಗನ್ನು ಹೇಗೆ ಒಪ್ಪಿದ್ದರೋ ಹಾಗೇ, ಒಂದು ಹುಬ್ಬೂ ಮೇಲೇಳದೆ. ಪುಸ್ತಕವನ್ನು ಅವನು ಕೈಯಲ್ಲಿ ಎತ್ತಿ ಹಿಡಿದಿದ್ದ, ಯಾರಾದರೂ ಕೇಳಿದರೆ ಕೊಡೋಣವೆಂದು. ಯಾರೂ ಕೇಳಲಿಲ್ಲ, ಯಾರ ಕಣ್ಣೂ ಅತ್ತ ಬರಲಿಲ್ಲ. “ನೋಡ್ರೀ ಇಲ್ಲಿ!” ಎಂದು ಕೂಗಿದ. ಪೆನ್ನುಗಳು ಮುಂದಿನ ಮಾತಿಗೆ ಕಾದವು. “ಈ ತಪ್ಪು ನನ್ನದು. ನಿಮ್ಮ ಶಾಲೆಗಳಲ್ಲಿ ಓಡಾಡ್ತಿರೋ ಆ ನೋಟ್ಸ್ ನಂದು. ಇಪ್ಪತ್ತೆರಡು ವರ್ಷ ನಾನು ಸುಳ್ಳು ಬರೆಸಿದೀನಿ, ಸರಿ ಹೇಳಿದೋಳ ಬಾಯಿ ಮುಚ್ಚಿಸಿದೀನಿ. ಇವತ್ತು ಹೇಳ್ತಿರೋದೂ ತಪ್ಪಿರಬಹುದು. ನನ್ನ ಮಾತು ನಂಬಬೇಡಿ, ತೆಗೆದು ನೋಡಿ!” ದನಿ ಕೊನೆಗೆ ಒಡೆದೇಹೋಯಿತು. ಅದು ಅಡಗಿದ ಮೇಲೆ ಸಭಾಂಗಣದಲ್ಲಿ ಕೇಳಿಸುತ್ತಿದ್ದದ್ದು ಹಾಳೆಯ ಮೇಲೆ ಪೆನ್ನು ಓಡುವ ಸದ್ದು ಮಾತ್ರ. ಹಿಂದಿನ ಸಾಲಿನಲ್ಲಿ, ಅವನಷ್ಟೇ ವಯಸ್ಸಿನ ಒಬ್ಬ ಟೀಚರು, ಬಲಗೈಯಲ್ಲಿ ಬರೆಯುತ್ತಲೇ, ತಲೆ ಎತ್ತದೆ, ಎಡಗೈ ಮೇಲೆ ಮಾಡಿದರು.

“ಸರ್, ಸ್ವಲ್ಪ ನಿಧಾನವಾಗಿ ಹೇಳಿ. ‘ಈ ತಪ್ಪು ನನ್ನದು’ ಆದ್ಮೇಲೆ ಏನಂದ್ರಿ?”